ಹಾಳುಬಿದ್ದ ಹಿತ್ತಲಿಗೆ ಮರುಜೀವ



ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ವಿಜಯನಗರಕ್ಕೆ ಅಂಟಿಕೊಂಡಂತೆ ಆರ್‌ಪಿಸಿ ಲೇಔಟ್ ಇದೆ. ಹಂಪಿನಗರ ಎಂದೂ ಇದನ್ನು ಕರೆಯುತ್ತಾರೆ. ನಗರದ ಇತರ ಹಳೆಯ ಬಡಾವಣೆಗಳಂತೆ ಇಲ್ಲಿಯೂ 30 ಅಡಿಗೆ 40 ಅಡಿಯ ನಿವೇಶನದ ಮನೆಗಳು ಸಾಮಾನ್ಯ. ಮುಂದೆ ಒಂದು ಗೇಟು, ಗೇಟಿನ ಪಕ್ಕ ದಾಸವಾಳ ಅಥವಾ ನಂದಿಬಟ್ಟಲು. ಹಿಂದೆ ಬಟ್ಟೆ ಒಗೆಯುವ ಕಲ್ಲು, ಅದರಾಚೆ ಒಂದು ತುಂಡು ಮಣ್ಣು. ಈ ತುಂಡು ಮಣ್ಣಿಗೇ ನಮ್ಮ ಹಿರಿಯರು ಹಿತ್ತಲು ಎನ್ನುತ್ತಿದ್ದರು. ಈಗ ಅನೇಕ ಮನೆಗಳಲ್ಲಿ ಅದು ಸಿಮೆಂಟಿನಡಿ ಸೇರಿಹೋಗಿದೆ. ಉಳಿದಿರುವ ಕಡೆ ಮುರಿದ ಬಕೆಟ್ಟು, ಹಳೆಯ ಟೈರು ಮತ್ತು ಕಳೆಗಳ ನೆಲೆಯಾಗಿದೆ.

ನಮ್ಮ ಮನೆಯ ಹಿತ್ತಲೂ ಹೀಗೆಯೇ ಆಗಿತ್ತು. 8 ಅಡಿ ಅಗಲ, 14 ಅಡಿ ಉದ್ದ, ಅಷ್ಟೇ. ಅಮ್ಮನಿಗೆ ಮಂಡಿನೋವು ಬಂದು ಕೂತು ಏಳುವುದು ಕಷ್ಟವಾದ ಮೇಲೆ ನಾಲ್ಕು ವರ್ಷ ಅತ್ತ ಯಾರೂ ತಲೆ ಹಾಕಲಿಲ್ಲ. ನಡುವೆ ಮನೆಯ ಮೇಲೆ ಒಂದು ಅಂತಸ್ತು ಎದ್ದಿತು. ಅದರ ಗಾರೆ, ಇಟ್ಟಿಗೆ ಚೂರು, ಸುಣ್ಣದ ಪುಡಿ ಎಲ್ಲವೂ ಹಿತ್ತಲಿಗೆ ಬಿದ್ದವು. ಕೊನೆಗೆ ತಮ್ಮ, "ಸಿಮೆಂಟ್ ಹಾಕಿಸಿಬಿಡೋಣ, ಎರಡು ಸ್ಕೂಟರ್ ನಿಲ್ಲುತ್ತೆ" ಎಂದ. ಅಮ್ಮ ವಾದ ಮಾಡಲಿಲ್ಲ. "ಈ ಸಲದ ಯುಗಾದಿ ಕಳೀಲಿ. ಮಳೆಗಾಲದ ಹೊತ್ತಿಗೆ ಅಲ್ಲಿ ಏನೂ ಬೆಳೀಲಿಲ್ಲ ಅಂದ್ರೆ ಹಾಕಿಸ್ಕೊಳ್ಳಿ" ಎಂದರು.

ಹೀಗೆ ಒಂದು ಬೇಸಿಗೆಯ ಗಡುವು ಸಿಕ್ಕಿತು. ಆ ಗಡುವಿನಲ್ಲಿ ಮಾಡಿದ ಕೆಲಸ, ಮಾಡಿದ ತಪ್ಪು ಮತ್ತು ಅದರ ಹಿಂದಿರುವ ವಿಜ್ಞಾನ, ಈ ಮೂರನ್ನೂ ಇಲ್ಲಿ ನೋಡೋಣ.

ನಮ್ಮ ವಸಂತ ಬೇರೆ

ತೋಟಗಾರಿಕೆಯ ಅನೇಕ ಪುಸ್ತಕಗಳು ಶೀತದೇಶಗಳಲ್ಲಿ ಬರೆದವು. ಅಲ್ಲಿ ಚಳಿಗಾಲದಲ್ಲಿ ಮಣ್ಣು ಹೆಪ್ಪುಗಟ್ಟುತ್ತದೆ. ವಸಂತ ಬಂದಾಗ ಹಿಮ ಕರಗಿ, ನೆಲ ಬೆಚ್ಚಗಾಗಿ, ಬೀಜ ಮೊಳೆಯುತ್ತದೆ. ಅಲ್ಲಿನವರು ಕಾಯುವುದು ಬಿಸಿಗಾಗಿ. ಬೆಂಗಳೂರು ಸಮಭಾಜಕ ವೃತ್ತದಿಂದ ಸುಮಾರು 13 ಡಿಗ್ರಿ ಉತ್ತರದಲ್ಲಿ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಮಣ್ಣು ಹೆಪ್ಪುಗಟ್ಟುವ ಮಾತೇ ಇಲ್ಲ. ಫಾಲ್ಗುಣ, ಚೈತ್ರಗಳಲ್ಲಿ ಬಿಸಿಲು ಏರುತ್ತದೆ, ನೀರು ಇಳಿಯುತ್ತದೆ. 2016ರ ಏಪ್ರಿಲ್ 25ರಂದು ನಗರದಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಫೆಬ್ರವರಿ ಮತ್ತು ಮಾರ್ಚ್ ಹೆಚ್ಚುಕಡಿಮೆ ಒಣ ತಿಂಗಳುಗಳು. ಏಪ್ರಿಲಿನಲ್ಲಿ ಮಾವಿನ ಹೊಯ್ಲು ಎನ್ನುವ ಬಿಡಿಮಳೆ ಬೀಳುತ್ತದೆ. ಮೇ ತಿಂಗಳಲ್ಲಿ ಸಾಮಾನ್ಯವಾಗಿ 100 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ.

ಹಾಗಾದರೆ ಇಲ್ಲಿ ವಸಂತದಲ್ಲಿ ಕೈತೋಟ ಆರಂಭಿಸುವುದೇಕೆ? ಒಂದು ಕಾರಣ, ಮಳೆ ಬರುವ ಮೊದಲೇ ಮಣ್ಣನ್ನು ಸಿದ್ಧಪಡಿಸಬಹುದು. ಇನ್ನೊಂದು ಕಾರಣ ನಗರವಾಸಿಗಳು ಅಷ್ಟಾಗಿ ಗಮನಿಸದ ಸಂಗತಿ. ಅದು ಬೆಳಕು.

ನೆರಳಿನ ಲೆಕ್ಕ

ನಮ್ಮ ಹಿತ್ತಲಿನ ದಕ್ಷಿಣಕ್ಕೆ ಪಕ್ಕದವರ ಮೂರಂತಸ್ತಿನ ಗೋಡೆ ಇದೆ. ಅದರ ಎತ್ತರ 10 ಮೀಟರ್ ಎಂದಿಟ್ಟುಕೊಳ್ಳಿ. ಡಿಸೆಂಬರ್ 22ರ ಸುಮಾರಿಗೆ ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣ ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಆ ಗೋಡೆಯ ನೆರಳು ಉತ್ತರಕ್ಕೆ 7 ಮೀಟರಿಗೂ ಹೆಚ್ಚು ಚಾಚುತ್ತದೆ. 14 ಅಡಿ, ಅಂದರೆ 4.3 ಮೀಟರ್ ಉದ್ದದ ನಮ್ಮ ಹಿತ್ತಲು ಪೂರ್ತಿ ನೆರಳಿನಲ್ಲಿ ಮುಳುಗುತ್ತದೆ. ಮಾರ್ಚ್ 21ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ 77 ಡಿಗ್ರಿಗೆ ಏರುತ್ತಾನೆ. ಅದೇ ಗೋಡೆಯ ನೆರಳು ಆಗ 2.3 ಮೀಟರಿಗೆ ಕುಗ್ಗುತ್ತದೆ. ಏಪ್ರಿಲ್ 24ರ ಆಸುಪಾಸಿನಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಬರುತ್ತಾನೆ. ಇದನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಅಂದು ಮಧ್ಯಾಹ್ನ ನೇರವಾಗಿ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ಮಧ್ಯಾಹ್ನದ ಸೂರ್ಯ ಉತ್ತರದ ಕಡೆಗೆ ಇರುತ್ತಾನೆ. ಆಗ ಗೋಡೆಯ ನೆರಳು ಪಕ್ಕದವರ ಕಡೆಗೇ ಬೀಳುತ್ತದೆ.

ಇದರ ಅರ್ಥವೇನು? ಡಿಸೆಂಬರಿನಲ್ಲಿ "ಇಲ್ಲಿ ಬಿಸಿಲೇ ಬೀಳುವುದಿಲ್ಲ" ಎಂದು ಕೈಬಿಟ್ಟ ಹಿತ್ತಲು ಏಪ್ರಿಲಿನಲ್ಲಿ ಬೇರೆಯೇ ಹಿತ್ತಲಾಗಿರುತ್ತದೆ. ಎತ್ತರದ ಕಟ್ಟಡಗಳ ನಡುವಿನ ಜಾಗಕ್ಕೆ ವಸಂತ ಬರುವುದು ಬೆಳಕಿನ ರೂಪದಲ್ಲಿ.

ಆದ್ದರಿಂದ ಮೊದಲ ವಾರ ಗುದ್ದಲಿ ಮುಟ್ಟಬೇಡಿ. ಒಂದು ಹಾಳೆಯಲ್ಲಿ ಹಿತ್ತಲಿನ ನಕ್ಷೆ ಬರೆಯಿರಿ. ಬೆಳಿಗ್ಗೆ 8, 10, ಮಧ್ಯಾಹ್ನ 12, 2 ಮತ್ತು ಸಂಜೆ 4 ಗಂಟೆಗೆ ನೆರಳಿನ ಅಂಚನ್ನು ಗುರುತಿಸಿ. ಆರು ಗಂಟೆ ಅಥವಾ ಹೆಚ್ಚು ಬಿಸಿಲು ಸಿಗುವ ಕಡೆ ಬೆಂಡೆ, ಬದನೆ, ಟೊಮೆಟೊಗಳಂಥ ಕಾಯಿಗಿಡಗಳು. ಮೂರು ನಾಲ್ಕು ಗಂಟೆ ಮಾತ್ರ ಸಿಗುವ ಕಡೆ ಸೊಪ್ಪು, ಪುದಿನ, ದೊಡ್ಡಪತ್ರೆ. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಕಳೆಯೂ ಒಂದು ಪಾಠ

"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆ ನಿಮಗೆ ಗೊತ್ತು. ಹತ್ತಿರವಿರುವುದರ ಬೆಲೆ ನಮಗೆ ತಿಳಿಯುವುದಿಲ್ಲ ಎಂಬುದು ಅದರ ತಾತ್ಪರ್ಯ. ಹಾಳುಬಿದ್ದ ಹಿತ್ತಲಿನಲ್ಲಿ ಎಲ್ಲವನ್ನೂ ಕಳೆ ಎಂದು ಕಿತ್ತೆಸೆಯುವ ಮೊದಲು ಈ ಗಾದೆಯನ್ನು ನೆನೆಯಬೇಕು. ನಾಲ್ಕು ವರ್ಷ ಯಾರೂ ನೀರು ಹಾಕದಿದ್ದರೂ ನಮ್ಮಲ್ಲಿ ಒಂದು ಕರಿಬೇವು ಬದುಕಿತ್ತು. ಒಗೆಯುವ ಕಲ್ಲಿನ ತೇವಕ್ಕೆ ಹೊನಗೊನ್ನೆ ಸೊಪ್ಪು ಹಬ್ಬಿತ್ತು. ಗೋಡೆಯ ಬುಡದಲ್ಲಿ ಗೋಣಿ ಸೊಪ್ಪು ಇತ್ತು. ಇವೆಲ್ಲ ತಿನ್ನುವ ಸೊಪ್ಪುಗಳೇ. ಆದರೆ ಗುರುತು ಖಚಿತವಿಲ್ಲದ ಸೊಪ್ಪನ್ನು ಮನೆಯ ಹಿರಿಯರಿಗೆ ತೋರಿಸದೆ ಬಾಯಿಗಿಡಬಾರದು.

ನಿಜವಾಗಿ ತೆಗೆಯಬೇಕಾದ ಕಳೆಗಳು ಮುಖ್ಯವಾಗಿ ಮೂರು. ಮೊದಲನೆಯದು ಕೊನ್ನಾರಿ ಗಡ್ಡೆ. ಇದನ್ನು ಹುಲ್ಲಿನಂತೆ ಮೇಲಿಂದ ಎಳೆದರೆ ಎಲೆ ಮಾತ್ರ ಕೈಗೆ ಬರುತ್ತದೆ, ಗಡ್ಡೆ ನೆಲದಲ್ಲೇ ಉಳಿದು ಮತ್ತೆ ಚಿಗುರುತ್ತದೆ. ಮಣ್ಣನ್ನು ತೇವ ಮಾಡಿ, ಸಡಿಲಿಸಿ, ಗಡ್ಡೆಯನ್ನು ಬೇರಿನ ಎಳೆಯ ಸಮೇತ ಎತ್ತಬೇಕು. ಎರಡನೆಯದು ಗರಿಕೆ. ಪೂಜೆಗೆ ಪ್ರಿಯವಾದರೂ ಪಾತಿಯಲ್ಲಿ ಅದಕ್ಕೆ ಜಾಗ ಕೊಡಬಾರದು. ಅದರ ಕಾಂಡದ ಪ್ರತಿ ಗಿಣ್ಣೂ ಹೊಸ ಗಿಡವಾಗಬಲ್ಲದು. ಆದ್ದರಿಂದ ಕತ್ತರಿಸಿ ಮಣ್ಣಿಗೆ ಬೆರೆಸಿದರೆ ಒಂದು ನೂರಾಗುತ್ತದೆ.

ಮೂರನೆಯದು ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಹುಲ್ಲು. ಅಮೆರಿಕ ಖಂಡದಿಂದ ಬಂದ ಈ ಕಳೆ ಚರ್ಮಕ್ಕೆ ತುರಿಕೆ, ಕೆಲವರಿಗೆ ಉಬ್ಬಸ ತರುತ್ತದೆ. ಇದನ್ನು ತಿಂದು ಹಾಕುವ ಒಂದು ದುಂಬಿಯನ್ನು ವಿಜ್ಞಾನಿಗಳು ಮೆಕ್ಸಿಕೋದಿಂದ ತರಿಸಿ, ಪರೀಕ್ಷಿಸಿ, 1984ರಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಕೆನೆಬಣ್ಣದ ಬೆನ್ನಿನ ಮೇಲೆ ಕಂದು ಗೀರುಗಳಿರುವ ಆ ದುಂಬಿಯನ್ನು ಮಳೆಗಾಲದಲ್ಲಿ ಈ ಗಿಡಗಳ ಮೇಲೆ ನೀವೂ ನೋಡಬಹುದು. ದುಂಬಿಗಾಗಿ ಕಾಯದೆ ಹೂ ಬಿಡುವ ಮೊದಲೇ ಗಿಡವನ್ನು ಬೇರುಸಹಿತ ಕೀಳುವುದು ಮೇಲು. ಕೈಚೀಲ ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದನ್ನು ಮರೆಯಬಾರದು.

ನಿಂಬೆಹಣ್ಣಿನ ಪರೀಕ್ಷೆ

ಇನ್ನು ನಮ್ಮ ತಪ್ಪಿನ ಕಥೆ. ಕಳೆ ತೆಗೆದ ಉತ್ಸಾಹದಲ್ಲಿ ಇಟ್ಟಿಗೆ ಚೂರುಗಳನ್ನು ಆರಿಸಿ, ನೆಲ ಅಗೆದು, ಬೆಂಡೆ ಬೀಜ ಊರಿಬಿಟ್ಟೆವು. ಐದಾರು ದಿನಕ್ಕೆ ಮೊಳಕೆ ಬಂತು. ಮನೆಯವರೆಲ್ಲ ಹೋಗಿ ನೋಡಿ ಬಂದರು. ಮೂರು ವಾರಕ್ಕೆ ಎಳೆಯ ಎಲೆಗಳು ಹಳದಿಯಾದವು, ನರಗಳು ಮಾತ್ರ ಹಸಿರಾಗಿದ್ದವು. ಗಿಡ ಗೇಣುದ್ದಕ್ಕೆ ನಿಂತುಬಿಟ್ಟಿತು. ಗೊಬ್ಬರ ಸಾಲದೆಂದು ಸಗಣಿ ತಂದು ಹಾಕಿದೆವು. ಅದೂ ಹಸಿ ಸಗಣಿ. ಅರ್ಧ ಗಿಡ ಸತ್ತೇಹೋಯಿತು. ತಮ್ಮ ಏನೂ ಹೇಳಲಿಲ್ಲ. ಸಿಮೆಂಟಿನ ಚೀಲಕ್ಕೆ ಎಷ್ಟು ಎಂದು ಮಾತ್ರ ವಿಚಾರಿಸಿಕೊಂಡು ಬಂದ.

ಎಲ್ಲಿ ತಪ್ಪಾಯಿತು? ಎಲೆಗಳೇ ಉತ್ತರ ಹೇಳಿದ್ದವು, ನಾವು ಓದಿರಲಿಲ್ಲ. ಸಾರಜನಕದ ಕೊರತೆಯಾದರೆ ಮೊದಲು ಹಳದಿಯಾಗುವುದು ಬುಡದ ಹಳೆಯ ಎಲೆಗಳು. ಏಕೆಂದರೆ ಗಿಡವು ಹಳೆಯ ಎಲೆಯಲ್ಲಿರುವ ಸಾರಜನಕವನ್ನು ಹಿಂತೆಗೆದು ಹೊಸ ಎಲೆಗೆ ಸಾಗಿಸಬಲ್ಲದು. ಕಬ್ಬಿಣವನ್ನು ಹಾಗೆ ಸಾಗಿಸಲಾರದು. ಆದ್ದರಿಂದ ಕಬ್ಬಿಣದ ಕೊರತೆ ಕಾಣುವುದು ತುದಿಯ ಎಳೆಯ ಎಲೆಗಳಲ್ಲಿ. ನಮ್ಮ ಬೆಂಡೆಯ ರೋಗಲಕ್ಷಣ ಎರಡನೆಯದು.

ಇಲ್ಲೊಂದು ವಿಚಿತ್ರವಿದೆ. ಬೆಂಗಳೂರಿನ ಮಣ್ಣು ಕೆಂಪಗಿರುವುದೇ ಕಬ್ಬಿಣದ ಆಕ್ಸೈಡಿನಿಂದ. ಕಬ್ಬಿಣದ ಮೇಲೆ ನಿಂತು ಗಿಡ ಕಬ್ಬಿಣವಿಲ್ಲದೆ ಸೊರಗುವುದೆಂದರೇನು? ಉತ್ತರ ಗಾರೆಯಲ್ಲಿದೆ. ಸಿಮೆಂಟ್ ಮತ್ತು ಸುಣ್ಣ ಕ್ಷಾರಗುಣದವು. ಅವು ಬೆರೆತಾಗ ಮಣ್ಣಿನ ರಸಸಾರ, ಅಂದರೆ ಪಿಎಚ್, ಏರುತ್ತದೆ. ತಟಸ್ಥ ಮಣ್ಣಿನ ಪಿಎಚ್ 7. ತರಕಾರಿಗಳಿಗೆ 6ರಿಂದ 7 ಹಿತ. ಅದು 8 ದಾಟಿದರೆ ಕಬ್ಬಿಣ ನೀರಿನಲ್ಲಿ ಕರಗದ ರೂಪ ತಳೆಯುತ್ತದೆ. ಮಣ್ಣಿನಲ್ಲಿ ಇದ್ದೂ ಬೇರಿಗೆ ದಕ್ಕುವುದಿಲ್ಲ.

ಇದನ್ನು ತಿಳಿಯಲು ಪ್ರಯೋಗಶಾಲೆಯೇ ಬೇಕೆಂದಿಲ್ಲ. ಒಂದು ಚಮಚ ಒಣ ಮಣ್ಣಿನ ಮೇಲೆ ನಿಂಬೆರಸ ಹಿಂಡಿ ಕಿವಿಗೊಡಿ. ಸಣ್ಣಗೆ ಗುಳ್ಳೆ ಎದ್ದು ಸುಯ್ಯೆಂದರೆ ಮಣ್ಣಿನಲ್ಲಿ ಸುಣ್ಣದ ಕಾರ್ಬೋನೇಟ್ ಇದೆ. ಆಮ್ಲ ತಾಗಿ ಇಂಗಾಲದ ಡೈ ಆಕ್ಸೈಡ್ ಹೊರಬರುವ ಸದ್ದು ಅದು. ಹದವಾದ ಕೆಂಪು ಮಣ್ಣು ಸಾಮಾನ್ಯವಾಗಿ ಸುಮ್ಮನಿರುತ್ತದೆ. ನಮ್ಮ ಹಿತ್ತಲಿನ ಐದು ಕಡೆಯ ಮಣ್ಣಿಗೆ ನಿಂಬೆ ಹಿಂಡಿದೆವು. ಗೋಡೆ ಬದಿಯ ಮೂರು ಕಡೆ ನೊರೆ ಬಂತು, ಕರಿಬೇವಿನ ಹತ್ತಿರದ ಎರಡು ಕಡೆ ಬರಲಿಲ್ಲ. ರೋಗದ ನಕ್ಷೆಯೇ ಸಿಕ್ಕಂತಾಯಿತು.

ಇನ್ನೂ ಒಂದು ಸುಲಭ ಪರೀಕ್ಷೆಯಿದೆ. ಗಾಜಿನ ಬಾಟಲಿಗೆ ಮೂರರಲ್ಲಿ ಒಂದು ಭಾಗ ಮಣ್ಣು, ಉಳಿದದ್ದು ನೀರು ಹಾಕಿ ಚೆನ್ನಾಗಿ ಕುಲುಕಿ, ಒಂದು ದಿನ ಅಲುಗಿಸದೆ ಇಡಿ. ತಳದಲ್ಲಿ ಮರಳು, ಅದರ ಮೇಲೆ ಗೋಡು, ಮೇಲೆ ಜೇಡಿ, ನೀರಿನ ಮೇಲೆ ತೇಲುವ ಕಪ್ಪು ಚೂರುಗಳು ಎಲೆಗೊಬ್ಬರದ ಅಂಶ. ತೇಲುವುದು ಏನೂ ಇಲ್ಲದಿದ್ದರೆ ಮಣ್ಣು ಹಸಿದಿದೆ ಎಂದು ತಿಳಿಯಿರಿ. ಖಚಿತವಾದ ಫಲಿತಾಂಶ ಬೇಕಾದವರು ಕೃಷಿ ಇಲಾಖೆಯ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಬಹುದು.

ಮಣ್ಣಿನ ಚಿಕಿತ್ಸೆ

ನೊರೆ ಬಂದ ಭಾಗದ ಮೇಲ್ಮಣ್ಣನ್ನು ಒಂದು ಗೇಣು ಆಳಕ್ಕೆ ಬಾಂಡಲಿಯಲ್ಲಿ ಹೊತ್ತು ತೆಗೆದೆವು. ಬೇರೆ ಉಪಾಯವಿಲ್ಲ. ಗಾರೆಯನ್ನು ಮಣ್ಣಿನೊಳಗೇ ಇಟ್ಟುಕೊಂಡು ಗೊಬ್ಬರ ಹಾಕುವುದು ಮುಳ್ಳನ್ನು ಕಾಲಲ್ಲೇ ಬಿಟ್ಟು ಮುಲಾಮು ಹಚ್ಚಿದಂತೆ. ಹಳೆಯ ಬಣ್ಣದ ಚಕ್ಕೆಗಳಿದ್ದರೆ ಅವನ್ನೂ ಆರಿಸಬೇಕು, ಏಕೆಂದರೆ ಹಿಂದಿನ ಕಾಲದ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಗಾಜು, ತುಕ್ಕು ಮೊಳೆಗಳ ಬಗ್ಗೆಯೂ ಎಚ್ಚರಿಕೆ ಅಗತ್ಯ. ಬರಿಗಾಲಿನಲ್ಲಿ ಈ ಕೆಲಸ ಮಾಡಬಾರದು.

ಆಮೇಲೆ ಉಳಿದ ನೆಲವನ್ನು ಒಂದು ಅಡಿ ಆಳಕ್ಕೆ ಹಾರೆಯಿಂದ ಮೀಟಿ ಸಡಿಲಿಸಿದೆವು. ಮೀಟುವುದು ಬೇರೆ, ತಿರುವಿ ಹಾಕುವುದು ಬೇರೆ. ಮೇಲಿನ ನಾಲ್ಕಾರು ಇಂಚಿನಲ್ಲಿಯೇ ಹೆಚ್ಚಿನ ಜೀವಾಣುಗಳು ಬದುಕಿರುತ್ತವೆ. ಅದನ್ನು ಬುಡಕ್ಕೆ ತಳ್ಳಿ, ಕೆಳಗಿನ ಸತ್ವಹೀನ ಮಣ್ಣನ್ನು ಮೇಲೆ ತಂದರೆ ನಷ್ಟವೇ ಹೆಚ್ಚು.

ಗೊಬ್ಬರ ಎಷ್ಟು ಬೇಕು? ರೈತರು ತರಕಾರಿ ಹೊಲಕ್ಕೆ ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ ಹಾಕುವುದುಂಟು. ಒಂದು ಹೆಕ್ಟೇರ್ ಎಂದರೆ 10,000 ಚದರ ಮೀಟರ್. ಭಾಗಿಸಿದರೆ ಚದರ ಮೀಟರಿಗೆ ಎರಡೂವರೆ ಕಿಲೋ ಆಯಿತು. ನಮ್ಮ ಹಿತ್ತಲು ಸುಮಾರು 10 ಚದರ ಮೀಟರ್. ಅಲ್ಲಿಗೆ 25 ಕಿಲೋ. ನಮ್ಮದು ಬಡಕಲು ಮಣ್ಣಾದ್ದರಿಂದ ಅದರ ಎರಡರಷ್ಟು ಹಾಕಿದೆವು. ಜೊತೆಗೆ ನಾಲ್ಕು ಹಿಡಿ ಬೇವಿನ ಹಿಂಡಿ.

ಗೊಬ್ಬರ ಕಳಿತದ್ದಾಗಿರಬೇಕು ಎಂಬುದು ಮುಖ್ಯ. ಹಸಿ ಸಗಣಿ ಕೊಳೆಯುವಾಗ ಬಿಸಿ ಮತ್ತು ಅಮೋನಿಯ ಹೊರಬಂದು ಎಳೆಬೇರನ್ನು ಸುಡುತ್ತದೆ. ಒಣ ಎಲೆಯನ್ನು ಹಾಗೆಯೇ ಮಣ್ಣಿಗೆ ಬೆರೆಸಿದರೆ ಇನ್ನೊಂದು ತೊಂದರೆ. ಅದರಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಎಲೆಯನ್ನು ಕೊಳೆಸುವ ಜೀವಾಣುಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಕಿತ್ತುಕೊಂಡು ಗಿಡವನ್ನು ಉಪವಾಸ ಕೆಡವುತ್ತವೆ. ಆದುದರಿಂದ ಒಣ ಎಲೆ ಮತ್ತು ಅಡುಗೆಮನೆಯ ಹಸಿ ಸಿಪ್ಪೆಯನ್ನು ಪದರ ಪದರವಾಗಿ ತೂತುಮಾಡಿದ ಡ್ರಮ್ಮಿನಲ್ಲಿ ಹಾಕಿ, ಎರಡು ಮೂರು ತಿಂಗಳು ಕಳಿಯಲು ಬಿಡಬೇಕು. ಮಣ್ಣಿನ ವಾಸನೆ ಬಂದಾಗ ಗೊಬ್ಬರ ಸಿದ್ಧ. ವಸಂತದಲ್ಲಿ ಬೀದಿಯ ಹೊಂಗೆ ಮರಗಳು ಉದುರಿಸುವ ಎಲೆಯನ್ನು ಸುಡುವವರಿದ್ದಾರೆ. ಅವರು ಸುಡುತ್ತಿರುವುದು ಮುಂದಿನ ವರ್ಷದ ಗೊಬ್ಬರವನ್ನು.

ನೀರಿಗೆ ತಕ್ಕ ಪಾತಿ

ಈಗ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ತೀವ್ರ ನೀರಿನ ಅಭಾವ ಎದುರಿಸಿತು. ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು, ಕಾರಂಜಿಗೆ ಬಳಸಬಾರದೆಂದು ಜಲಮಂಡಳಿ ಆದೇಶಿಸಿತು, ತಪ್ಪಿದವರಿಗೆ 5,000 ರೂಪಾಯಿ ದಂಡವೆಂದು ಸಾರಿತು. ಇದು ನ್ಯಾಯವೇ. ನಮ್ಮ ನಲ್ಲಿಗೆ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರ ಏರಿ ಬರುತ್ತದೆ. ಆ ನೀರನ್ನು ಕೊಳವೆಯಲ್ಲಿ ಹಿಡಿದು ಗಿಡಕ್ಕೆ ಸುರಿಯುವುದು ಸಲ್ಲದು. ಹಾಗಾದರೆ ವಸಂತದಲ್ಲಿ ಕೈತೋಟ ಸಾಧ್ಯವೇ?

ಸಾಧ್ಯ, ಲೆಕ್ಕ ಹಾಕಿದರೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಬೇಸಿಗೆಯಲ್ಲಿ ತರಕಾರಿ ಪಾತಿಗೆ ದಿನಕ್ಕೆ 5 ಮಿಲಿಮೀಟರ್ ಬೇಕೆಂದಿಟ್ಟುಕೊಂಡರೆ, 10 ಚದರ ಮೀಟರಿಗೆ 50 ಲೀಟರ್ ಆಯಿತು. ನಮ್ಮ ಅಡುಗೆಮನೆಯಲ್ಲಿ ಅಕ್ಕಿ, ಬೇಳೆ, ಸೊಪ್ಪು, ತರಕಾರಿ ತೊಳೆದ ನೀರನ್ನೂ, ನೀರು ಶುದ್ಧೀಕರಿಸುವ ಯಂತ್ರ ಹೊರಬಿಡುವ ನೀರನ್ನೂ ಒಂದು ವಾರ ಬಕೆಟ್ಟಿನಲ್ಲಿ ಅಳೆದೆವು. ದಿನಕ್ಕೆ ಹೆಚ್ಚುಕಡಿಮೆ ಒಂದೂವರೆ ಬಕೆಟ್ಟು, 25 ಲೀಟರ್ ಸಿಕ್ಕಿತು. ಆದ್ದರಿಂದ ಮಳೆ ಬರುವವರೆಗೆ ಅರ್ಧ ಹಿತ್ತಲಿನಲ್ಲಿ ಮಾತ್ರ ಪಾತಿ ಮಾಡುವುದೆಂದು ತೀರ್ಮಾನಿಸಿದೆವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಕೈತೋಟಕ್ಕೂ ಅನ್ವಯಿಸುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳು. ಶುದ್ಧೀಕರಣ ಯಂತ್ರದ ನೀರಿನಲ್ಲಿ ಲವಣ ಹೆಚ್ಚು, ಅದನ್ನೊಂದನ್ನೇ ದಿನವೂ ಹಾಕಬಾರದು, ಅಕ್ಕಿ ತೊಳೆದ ನೀರಿನೊಂದಿಗೆ ಬೆರೆಸಬೇಕು. ಬಟ್ಟೆ ಸೋಪಿನ ನೀರಿನಲ್ಲಿ ಸೋಡಿಯಂ ಇರುತ್ತದೆ. ಅದು ಮಣ್ಣಿನ ಕಣಗಳ ಬಿಗಿ ತಪ್ಪಿಸಿ ಮೇಲ್ಪದರವನ್ನು ಗಟ್ಟಿ ಮಾಡುತ್ತದೆ. ಸೊಪ್ಪಿನ ಪಾತಿಗೆ ಅದು ಬೇಡ.

ಇರುವ ನೀರನ್ನು ಉಳಿಸುವ ಉಪಾಯಗಳೂ ಇವೆ. ಬಿಸಿಲೇರುವ ಮೊದಲು ಅಥವಾ ಸಂಜೆ, ಎಲೆಯ ಮೇಲಲ್ಲ, ಬುಡಕ್ಕೆ ನೀರು ಹಾಕಿ. ಪಾತಿಯ ಮೇಲೆ ಎರಡು ಇಂಚು ಒಣ ಎಲೆ ಹೊದಿಸಿ. ಎಲೆಯನ್ನು ಮಣ್ಣಿನೊಳಗೆ ಬೆರೆಸಿದರೆ ತೊಂದರೆ, ಮೇಲೆ ಹೊದಿಸಿದರೆ ಉಪಕಾರ. ಮೆರುಗು ಹಚ್ಚದ ಮಣ್ಣಿನ ಮಡಕೆಯೊಂದನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂತು ನೀರು ತುಂಬಿ ಮುಚ್ಚಿಟ್ಟರೆ, ಸುತ್ತಲಿನ ಬೇರಿಗೆ ಅದು ನಿಧಾನವಾಗಿ ಒಸರುತ್ತದೆ. ಮುಚ್ಚಳ ಮರೆತರೆ ಸೊಳ್ಳೆ ಸಾಕಿದಂತಾಗುತ್ತದೆ.

ಯಾವ ಬೀಜ?

ಬೇಸಿಗೆ ತಾಳುವ ಬೆಳೆಗಳನ್ನೇ ಆರಿಸಬೇಕು. ಕೋಸು, ಕ್ಯಾರೆಟ್, ಬಟಾಣಿ ಚಳಿಗೆ ಒಲಿಯುವವು, ಅವನ್ನು ದಸರೆಯ ನಂತರಕ್ಕೆ ಬಿಡಿ. ಅವರೆಯ ವಿಷಯ ಕುತೂಹಲಕರ. ನಮ್ಮ ಮಾಗಡಿ ಕಡೆಯ ಸಾಂಪ್ರದಾಯಿಕ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುವ ಸಸ್ಯ. ಅದಕ್ಕೇ ಸೊಗಡಿನ ಅವರೆಕಾಯಿ ಬರುವುದು ಚಳಿಗಾಲದಲ್ಲಿ. ಈ ಕಟ್ಟುಪಾಡಿಲ್ಲದ ಹೆಬ್ಬಾಳ ಅವರೆ ತಳಿಗಳನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಅಭಿವೃದ್ಧಿಪಡಿಸಿದೆ.

ಮಾರ್ಚ್ ತಿಂಗಳಲ್ಲಿ ಬಿತ್ತಲು ಸುಲಭವಾದದ್ದು ದಂಟು, ಹರಿವೆ ಮತ್ತು ಮೆಂತ್ಯ. ಮೆಂತ್ಯ ಮೂರು ನಾಲ್ಕು ವಾರಕ್ಕೆ, ಹರಿವೆ ನಾಲ್ಕು ವಾರಕ್ಕೆ ಕೈಗೆ ಬರುತ್ತದೆ. ಬೆಂಡೆ 45ರಿಂದ 50 ದಿನಕ್ಕೆ, ಅಲಸಂದೆ ಸುಮಾರು ಎರಡು ತಿಂಗಳಿಗೆ. ಗೋಡೆಗೆ ಹಗ್ಗ ಕಟ್ಟಿದರೆ ಹೀರೆ, ಹಾಗಲ, ಬಸಳೆ ಏರುತ್ತವೆ. ಬಳ್ಳಿ ನೆಲದ ಜಾಗ ಕೇಳುವುದಿಲ್ಲ, ಬಿಸಿ ಕಾರುವ ಗೋಡೆಗೆ ಹೊದಿಕೆಯೂ ಆಗುತ್ತದೆ. ಬೀಜವನ್ನು ಅದರ ದಪ್ಪದ ಎರಡು ಮೂರರಷ್ಟು ಆಳಕ್ಕೆ ಮಾತ್ರ ಊರಬೇಕು. ಹರಿವೆಯಂಥ ಸಣ್ಣ ಬೀಜವನ್ನು ಮರಳಿನೊಂದಿಗೆ ಬೆರೆಸಿ ಚೆಲ್ಲಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿದರೆ ಸಾಕು.

ಬೆಂಡೆಗೆ ಬೇಸಿಗೆಯಲ್ಲಿ ಕಾಡುವ ದೊಡ್ಡ ರೋಗ ಹಳದಿ ನಂಜು. ಇದರಲ್ಲಿ ಎಲೆಯ ನರಗಳೇ ಹಳದಿಯಾಗುತ್ತವೆ. ಕಬ್ಬಿಣದ ಕೊರತೆಯಲ್ಲಿ ನರ ಹಸಿರಾಗಿ ಉಳಿಯುತ್ತದೆ ಎಂಬ ವ್ಯತ್ಯಾಸವನ್ನು ಗಮನಿಸಿ. ಬಿಳಿನೊಣ ಹರಡುವ ಈ ವೈರಸ್ಸಿಗೆ ಔಷಧಿಯಿಲ್ಲ. ರೋಗ ತಗುಲಿದ ಗಿಡವನ್ನು ಕಿತ್ತು ದೂರ ಹಾಕಬೇಕು. 1967ರಲ್ಲಿ ಸ್ಥಾಪನೆಯಾದ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ರೋಗವನ್ನು ತಡೆದುಕೊಳ್ಳುವ 'ಅರ್ಕಾ ಅನಾಮಿಕ' ಎಂಬ ಬೆಂಡೆ ತಳಿಯನ್ನು ರೂಪಿಸಿತು. ಅದೇ ಸಂಸ್ಥೆಯ 'ಅರ್ಕಾ ಸುಗುಣ' ಹರಿವೆಯನ್ನು ಬುಡಸಮೇತ ಕೀಳದೆ ಮತ್ತೆ ಮತ್ತೆ ಕೊಯ್ಯಬಹುದು. ಚಿಕ್ಕ ಹಿತ್ತಲಿಗೆ ಇದು ದೊಡ್ಡ ಅನುಕೂಲ.

ಹೇನು, ಬಿಳಿನೊಣ ಕಂಡರೆ ಮನೆಯಲ್ಲಿರುವ ಜಿರಲೆ ಔಷಧಿ ಹೊಡೆಯುವುದು ಅಪಾಯ. ಬೇವಿನ ಬೀಜವನ್ನು ಕುಟ್ಟಿ, ರಾತ್ರಿ ನೆನೆಸಿ, ಸೋಸಿದ ನೀರನ್ನು ಸಂಜೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಿದರೆ ಸಾಮಾನ್ಯವಾಗಿ ಸಾಕು. ಕೀಟ ಕುಳಿತುಕೊಳ್ಳುವುದು ಎಲೆಯ ಅಡಿಯಲ್ಲಿ ಎಂಬುದನ್ನು ಮರೆಯಬಾರದು.

ನೆಲವೇ ಇಲ್ಲದವರು ನಿರಾಶರಾಗಬೇಕಿಲ್ಲ. ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಡಾ. ಬಿ. ಎನ್. ವಿಶ್ವನಾಥ್ ಅವರು ಬೆಂಗಳೂರಿಗರಿಗೆ ತಾರಸಿಯ ಮೇಲೆ ತರಕಾರಿ ಬೆಳೆಯುವುದನ್ನು ಹೇಳಿಕೊಟ್ಟು, ಅದನ್ನೊಂದು ಚಳವಳಿಯಂತೆ ಬೆಳೆಸಿದರು. ಇಲ್ಲಿ ಹೇಳಿದ ಮಣ್ಣು, ಬೆಳಕು, ನೀರಿನ ಲೆಕ್ಕ ಕುಂಡಕ್ಕೂ ಅದೇ.

ಸಿಮೆಂಟ್ ಹಾಕಿದ್ದರೆ?

ಏಪ್ರಿಲ್ ಮೊದಲ ವಾರ ಎರಡನೇ ಸಲ ಬಿತ್ತಿದೆವು. ಮೇ ಆರಂಭದಲ್ಲಿ ಹರಿವೆಯ ಮೊದಲ ಕೊಯ್ಲು ಸಿಕ್ಕಿತು, ಒಂದು ಹುಳಿಗೆ ಆಗುವಷ್ಟು. ಬೆಂಡೆ ಕಾಯಿ ಬಿಡುವ ಹೊತ್ತಿಗೆ ಜೋರು ಮಳೆ ಬಂತು. ಅಂದು ಸಂಜೆ ನಮ್ಮ ರಸ್ತೆಯ ನೀರೆಲ್ಲ ಚರಂಡಿ ತುಂಬಿ ಹರಿಯುತ್ತಿತ್ತು. ತಮ್ಮ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದ. ಸಡಿಲಾದ ಮಣ್ಣಿನ ಮೇಲೆ ನೀರು ನಿಂತಿರಲಿಲ್ಲ, ಇಂಗುತ್ತಿತ್ತು.

ಇದಕ್ಕೂ ಒಂದು ಲೆಕ್ಕವಿದೆ. 20 ಮಿಲಿಮೀಟರ್ ಮಳೆ ಬಿದ್ದರೆ 10 ಚದರ ಮೀಟರ್ ಹಿತ್ತಲಿಗೆ 200 ಲೀಟರ್ ನೀರು ಬೀಳುತ್ತದೆ. ಮಣ್ಣಿದ್ದರೆ ಅದರ ಬಹುಪಾಲು ಕೆಳಗಿಳಿಯುತ್ತದೆ. ಸಿಮೆಂಟಿದ್ದರೆ ಅಷ್ಟೂ ಚರಂಡಿಗೆ, ಅಲ್ಲಿಂದ ರಾಜಕಾಲುವೆಗೆ, ಅಲ್ಲಿಂದ ವೃಷಭಾವತಿ ಕಣಿವೆಗೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆಯಾಗುತ್ತದೆ. 30ಕ್ಕೆ 40 ಅಡಿ ನಿವೇಶನವೆಂದರೆ ಸುಮಾರು 111 ಚದರ ಮೀಟರ್. ಗುಣಿಸಿ ನೋಡಿ, ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ಪ್ರತಿ ಮನೆಯ ಮೇಲೆ ವರ್ಷವೂ ಬೀಳುತ್ತಿದೆ. ಇದರಲ್ಲಿ ಸ್ವಲ್ಪ ಭಾಗವನ್ನು ಡ್ರಮ್ಮಿನಲ್ಲಿ ಹಿಡಿದರೂ ಮಳೆಯ ಬಿಡುವಿನಲ್ಲಿ ಪಾತಿಗೆ ಆಸರೆಯಾಗುತ್ತದೆ. ಒಂದೊಂದು ಹಿತ್ತಲು ಚಿಕ್ಕದೇ. ಆದರೆ ಒಂದು ಬಡಾವಣೆಯ ಹಿತ್ತಲುಗಳೆಲ್ಲ ಸಿಮೆಂಟಾದರೆ ಬೇಸಿಗೆಯಲ್ಲಿ ಕೊಳವೆಬಾವಿ ಒಣಗುವುದಕ್ಕೂ ಮಳೆಗಾಲದಲ್ಲಿ ರಸ್ತೆ ಕೆರೆಯಾಗುವುದಕ್ಕೂ ಅದೂ ಒಂದು ಕಾರಣವಾಗುತ್ತದೆ.

ನೀವು ಮಾಡಬಹುದಾದದ್ದು

ಪರೀಕ್ಷೆಗಳ ಕಾಲ, ಸಮಯವೆಲ್ಲಿ ಎಂದು ನೀವು ಕೇಳಬಹುದು. ದಿನಕ್ಕೆ ಅರ್ಧ ಗಂಟೆ ಸಾಕು. ಮೊದಲ ವಾರ ನೆರಳಿನ ನಕ್ಷೆ ಮತ್ತು ನೀರಿನ ಅಳತೆ. ಎರಡನೇ ವಾರ ಕಳೆ, ನಿಂಬೆ ಪರೀಕ್ಷೆ, ಬಾಟಲಿ ಪರೀಕ್ಷೆ. ಮೂರನೇ ವಾರ ಮಣ್ಣು ಸಡಿಲಿಸಿ ಗೊಬ್ಬರ ಬೆರೆಸುವುದು. ಆಮೇಲೆ ಒಂದು ವಾರ ತೇವವಿಟ್ಟು ಮಣ್ಣಿಗೆ ವಿರಾಮ ಕೊಡಿ. ಆಗ ಉಳಿದ ಕಳೆಬೀಜಗಳೂ ಮೊಳೆತು ಕೈಗೆ ಸಿಗುತ್ತವೆ. ಐದನೇ ವಾರ ಬಿತ್ತನೆ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಹಾಕಿದ ನೀರು, ಗಿಡದ ಎತ್ತರ ಬರೆಯುತ್ತ ಹೋದರೆ ವಿಜ್ಞಾನದ ಪ್ರಾಜೆಕ್ಟೂ ಸಿದ್ಧವಾದಂತೆ. ಸೋತ ಬಿತ್ತನೆಯನ್ನೂ ಬರೆಯಿರಿ. ನಮ್ಮ ಹಿತ್ತಲಿನ ಬಗ್ಗೆ ನಾವು ಹೆಚ್ಚು ಕಲಿತದ್ದು ಸತ್ತ ಬೆಂಡೆಗಿಡಗಳಿಂದಲೇ.

ಮಳೆಗಾಲ ಬಂದಾಗ ಅಮ್ಮ ಹೇಳಿದ ಗಡುವು ಮುಗಿಯಿತು. ಸಿಮೆಂಟಿನ ಮಾತನ್ನು ಯಾರೂ ಎತ್ತಲಿಲ್ಲ. ತಮ್ಮ ಒಂದು ದಿನ ಬಡಗಿಯನ್ನು ಕರೆತಂದು ಪಾತಿಯ ಪಕ್ಕದಲ್ಲಿ ಮೊಣಕಾಲೆತ್ತರದ ಒಂದು ಮರದ ಮಣೆ ಮಾಡಿಸಿದ. ಅಮ್ಮ ಈಗ ಅದರ ಮೇಲೆ ಕೂತು, ಮಂಡಿ ಮಡಿಸದೆ, ಕೈಗೆಟಕುವಷ್ಟು ಕಳೆ ಕೀಳುತ್ತಾರೆ.